ಸೊಟ್ಟ ಕೊಂಬೆಯ ಬಿಲ್ಲು

ಕೊಣ್ಣೂರಿನ ಬಡಗಿಯ ಅಂಗಡಿಯಿಂದ ಹೆರೆದ ಕಟ್ಟಿಗೆಯ ವಾಸನೆ ಬಂದರೆ, ಈಗಲೂ ನನ್ನ ಎಡಗೈ ತಾನಾಗಿ ಮುಷ್ಟಿ ಬಿಗಿಯುತ್ತದೆ.

ಆಗ ನಾನು ಎರಡನೆಯ ಇಯತ್ತೆಯಲ್ಲಿದ್ದೆ. ಎಡಗೈಯಲ್ಲಿ ಬರೆಯುತ್ತೇನೆಂದು ಅಪ್ಪ ಆ ಕೈಯನ್ನು ತನ್ನ ಟವೆಲ್ಲಿನಿಂದ ನನ್ನ ಸೊಂಟಕ್ಕೆ ಬಿಗಿದು, ಬಲಗೈಗೆ ಬಳಪ ಕೊಟ್ಟು ಕಟ್ಟೆಯ ಮೇಲೆ ಕೂರಿಸಿದ್ದ. ತಾನು ಅಂಗಳದಲ್ಲಿ ಬಿಲ್ಲು ಮಾಡುತ್ತಿದ್ದ. ಪೇರಲ ತೋಟದ ಮಂಗಗಳನ್ನು ಬೆದರಿಸಲೆಂದು ಅಜ್ಜ ತಂದಿದ್ದ ದಡಸಲ ಮರದ ಕೊಂಬೆ ಅದು. ನಡುವೆ ಹಾವಿನಂತೆ ಸೊಟ್ಟಗಿತ್ತು. ಅಪ್ಪನಿಗೆ ಸೊಟ್ಟ ಸೇರದು. ಉಬ್ಬಿದ ಕಡೆಯೆಲ್ಲ ಉಳಿಯಿಂದ ಕೆತ್ತಿ, ಗೆರೆ ಎಳೆದಂತೆ ನೆಟ್ಟಗೆ ಮಾಡಿದ.

“ಕಟ್ಟಿಗಿ ಎಳಿ ಹೆಂಗ ಹೊಂಟೈತಿ ಹಂಗ ಬಿಡಪಾ,” ಎಂದ ಅಜ್ಜ. “ಎಳಿ ಕಡದರ ಜಗ್ಗಿದಾಗ ತಡ್ಯಾಂಗಿಲ್ಲ. ಬಿಲ್ಲು ಸೊಟ್ಟ ಇದ್ರೂ ಬಾಣ ನೆಟ್ಟಗ ಹೊಕ್ಕೈತಿ.”

“ನೋಡಿದ ಮಂದಿ ನಗತಾರಪಾ,” ಎಂದು ಅಪ್ಪ ಹುರಿ ಕಟ್ಟಿ, ಕಿವಿಯವರೆಗೆ ಜಗ್ಗಿದ.

ಪಟಾಕಿ ಸಿಡಿದಂಥ ಸದ್ದಾಯಿತು. ಕೆತ್ತಿದಲ್ಲೇ ಬಿಲ್ಲು ಮುರಿದು, ಚೂರೊಂದು ಅಪ್ಪನ ಹುಬ್ಬಿಗೆ ಬಡಿದಿತ್ತು. ಮುಖವೆಲ್ಲ ರಕ್ತ. ಅಜ್ಜ ಓಡಿಬಂದು ನನ್ನ ಕೈಯ ಟವೆಲ್ ಬಿಚ್ಚಿ ಗಾಯಕ್ಕೆ ಒತ್ತಿದ. ಜೋಮು ಹಿಡಿದಿದ್ದ ನನ್ನ ಎಡಗೈ ತೊಡೆಯ ಮೇಲೆ ಬಿತ್ತು.

“ಕಣ್ಣು ಉಳೀತು,” ಎಂದ ಅಜ್ಜ.

ಅಪ್ಪ ಮುರಿದ ತುಂಡು ಹಿಡಿದು, ತಾನೇ ಕಡಿದ ಎಳೆಗಳನ್ನು ನೋಡುತ್ತ ಕೂತುಬಿಟ್ಟ.

ಮರುದಿನ ನಾನು ಪಾಟಿ ಹಿಡಿದು ಬಂದು, ರೂಢಿಯಂತೆ ಎಡಗೈ ಚಾಚಿ ನಿಂತೆ. ಅಪ್ಪ ಹಗ್ಗದ ಮೇಲೆ ಒಣಗಿದ್ದ ಟವೆಲ್ ಎಳೆದುಕೊಂಡ. ಝಾಡಿಸಿ, ತನ್ನ ತಲೆಗೆ ಸುತ್ತಿಕೊಂಡು ಹೊಲಕ್ಕೆ ಹೋದ.