ಏಳೆಂಟ್ಲೆ ಎಷ್ಟು?

ಹಲಸಿನ ಹಪ್ಪಳ ಒಣಗುವ ವಾಸನೆ ಬಂದರೆ ನನಗೆ ಈಗಲೂ ಏಳರ ಮಗ್ಗಿ ನೆನಪಾಗುತ್ತದೆ.

ಆಗ ನಾವು ಸಿದ್ದಾಪುರದಲ್ಲಿದ್ದೆವು. ಏಳರ ಮಗ್ಗಿಯನ್ನು ನಾನು ಮೊದಲಿನಿಂದ ಹಾಡಿನಂತೆ ಒಪ್ಪಿಸುತ್ತಿದ್ದೆ; ನಡುವಿನಿಂದ ಕೇಳಿದರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಎಲ್ಲಿಂದ ಕೇಳಿದರೂ ಹೇಳಲು ಬರುವವರೆಗೆ ಎಂಟರ ಮಗ್ಗಿಯಿಲ್ಲ ಎಂದು ಮಾಸ್ತರರು ಹೇಳಿಬಿಟ್ಟಿದ್ದರು. ಗೆಳತಿ ಕಾವೇರಿ ಆಗಲೇ ಎಂಟರವರ ಸಾಲಿಗೆ ಹೋಗಿ ಕುಳಿತಿದ್ದಳು.

ಆ ಮಧ್ಯಾಹ್ನ ನಾನು ಅಂಗಳದಲ್ಲಿ ಹಪ್ಪಳ ಕಾಯುತ್ತ ಅಳುತ್ತಿದ್ದೆ. ಅತ್ತೆ ಬಂದು ವಿಷಯ ಕೇಳಿ, ಚಾಪೆಯ ಮೇಲೆ ಸಾಲಿಗೆ ಏಳರಂತೆ ಎಂಟು ಸಾಲು ಹಪ್ಪಳ ಜೋಡಿಸಿದಳು.

"ಮುಟ್ಟಿ ಎಣಿಸು ಕೂಸೆ."

ಎಣಿಸಿದೆ. ಹಪ್ಪಳದ ಅಂಚು ಗರಿಯಾಗಿತ್ತು, ನಡು ಇನ್ನೂ ಮೆತ್ತಗಿತ್ತು. ಆಮೇಲೆ ಅವಳು ಹಳೆಯ ಸೀರೆಯಿಂದ ಒಮ್ಮೆ ಮೂರು ಸಾಲು, ಒಮ್ಮೆ ಆರು ಸಾಲು ಮುಚ್ಚಿ, ಮುಚ್ಚಿದ್ದು ಎಷ್ಟೆಂದು ಕೇಳಿದಳು. ತಪ್ಪಿದಾಗ ಬೈಯಲಿಲ್ಲ, ಸೀರೆಯ ತುದಿಯನ್ನು ತುಸು ಎತ್ತಿ ತೋರಿಸಿದಳು. ಎತ್ತುವುದು ಕಡಿಮೆಯಾಗುತ್ತ ಬಂತು.

ಕೊನೆಗೆ ಎಂಟೂ ಸಾಲು ಮುಚ್ಚಿ, ನೀರು ಕುಡಿಯಲು ಒಳಗೆ ಹೋಗಿ ಬಂದಳು.

"ಈಗ ಸೀರೆ ಅಡಿಗೆ ಎಷ್ಟಿದ್ದು?"

"ಐವತ್ತೈದು."

ಅತ್ತೆಯ ಮುಖ ಬಾಡಿತು. "ಏಳೆಂಟ್ಲೆ ಐವತ್ತೈದನೆ?"

"ಏಳೆಂಟ್ಲೆ ಐವತ್ತಾರೇ. ಒಂದು ಎನ್ನ ಹೊಟ್ಟೆಲಿ ಇದ್ದು."

ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೀರೆ ತೆಗೆದು, ಖಾಲಿ ಜಾಗ ತುಂಬಿ, ಬುಟ್ಟಿಯಿಂದ ಪ್ರತಿ ಸಾಲಿನ ತುದಿಗೂ ಇನ್ನೊಂದು ಹಪ್ಪಳ ಇಟ್ಟಳು.

"ಬಾರೆ, ಇನ್ನು ಎಂಟರದ್ದು. ಇದರಲ್ಲಿ ಮಾತ್ರ ಒಂದನ್ನೂ ತಿನ್ನಡ."