ಖಾಲಿಯಾಗುತ್ತಿದ್ದ ಪ್ಯಾಕೆಟ್

"ಮೊನ್ನೆಯಷ್ಟೇ ತಂದಿಟ್ಟಿದ್ದೆ ಕಣೇ ಕಳ್ಳಿ. ಒಂದು ವರ್ಷದಿಂದ ನಿಂದು ಇದೇ ಕಥೆ," ಎಂದು ಅಕ್ಕ ಪ್ಯಾಡಿನ ಖಾಲಿ ಪ್ಯಾಕೆಟ್ಟನ್ನು ತಂಗಿಯ ಮುಖದ ಮುಂದೆ ಅಲ್ಲಾಡಿಸಿದಳು. "ದೇವರಾಣೆ ನಾನು ಮುಟ್ಟಿಲ್ಲ. ಆಸ್ಪತ್ರೇಲಿ ಎಣಿಸಿದ್ದು ಸಾಲದು ಅಂತ ಮನೇಲೂ ಎಣಿಸ್ತೀಯ?" ಎಂದಳು ತಂಗಿ.

ಬಟ್ಟೆ ಮಡಿಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. "ನಾನೇ ತಗೊಂಡೆ, ಬಿಡ್ರೇ."

"ನಿಂಗ್ಯಾಕಮ್ಮ? ಆರು ವರ್ಷದ ಹಿಂದೆಯೇ ನಿಂತಿತ್ತಲ್ಲ?" ತಂಗಿ ಕಿಸಕ್ಕೆಂದಳು.

"ಮತ್ತೆ ಶುರುವಾಗಿದೆ. ಹೋದ ವಯಸ್ಸು ವಾಪಸ್ ಬಂತೇನೋ."

ಅಕ್ಕ ನಗಲಿಲ್ಲ. ಅವಳು ಹೆಂಗಸರ ಆಸ್ಪತ್ರೆಯ ನರ್ಸ್. ಮುಟ್ಟು ನಿಂತವರು ಬಂದರೆ, ಮತ್ತೆ ರಕ್ತ ಕಾಣಿಸಿತೇ ಎಂದೇ ಮೊದಲು ಕೇಳುತ್ತಿದ್ದಳು. ಒಂದು ಹನಿ ಕಂಡರೂ ಕೂಡಲೇ ತೋರಿಸಬೇಕು, ಕ್ಯಾನ್ಸರ್ ಇರಲೂಬಹುದು ಎಂದು ಎಷ್ಟು ಜನರನ್ನು ಗದರಿದ್ದಳೋ. ಮನೆಯಲ್ಲಿ ಮಾತ್ರ ಆ ಪ್ರಶ್ನೆ ಬಾಯಿಗೆ ಬಂದಿರಲಿಲ್ಲ. ಖಾಲಿ ಪ್ಯಾಕೆಟ್ ಅವಳ ಮುಷ್ಟಿಯೊಳಗೆ ಪರಪರ ಎಂದಿತು.

"ಯಾವಾಗಿಂದಮ್ಮ?"

ಅಮ್ಮ ಮಡಿಸಿದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ನೀವಿಬ್ಬರೂ ಇದಕ್ಕೆ ಕಿತ್ತಾಡೋಕೆ ಶುರು ಮಾಡಿದ್ರಲ್ಲ, ಆವಾಗಿಂದ."