ನುಚ್ಚಕ್ಕಿಯಷ್ಟು ಬಿಳಿ

ವ್ಯಾಸಲೀನ್ ಹಚ್ಚಿದ ಹತ್ತಿಯನ್ನು ಮಗಳ ಎಡಕಿವಿಗೆ ಒತ್ತುತ್ತಿದ್ದಾಗ ಭವ್ಯಶ್ರೀಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ವಾಸನೆ ಬಂತು. ಅತ್ತೆ ಸೌಟಿನಲ್ಲಿ ತೆಂಗಿನೆಣ್ಣೆ ಹಿಡಿದು ಬಚ್ಚಲ ಬಾಗಿಲಿಗೇ ಬಂದಿದ್ದರು.

“ಹತ್ತಿ ತೆಗಿ. ಎರಡು ಹನಿ ಬಿಡುವ.”

“ಕಿವಿಗೆ ಎಣ್ಣೆ, ನೀರು ಎಂತದೂ ಹೋಗ್ಬಾರ್ದು ಅಂದಿದ್ದಾರೆ ಡಾಕ್ಟರ್.” ಈ ವಾರ ಮೂರನೇ ಸಲ ಹೇಳುತ್ತಿದ್ದಳು. ದನಿ ಏರಿಸಲೂ ತ್ರಾಣವಿರಲಿಲ್ಲ.

ಅತ್ತೆ ಸೌಟು ಕೆಳಗಿಟ್ಟು ಒಳಗೆ ಹೋದರು. ಪಡಸಾಲೆಯಲ್ಲಿ ಬಿಸ್ಕೆಟ್ ಪೊಟ್ಟಣ ಸರಪರ ಅಂದಿತು.

“ಅಜ್ಜೀ, ನಂಗೆ ಕ್ರೀಮ್ ಇರುವುದು!” ಬಚ್ಚಲಿನಿಂದ ಕೂಗಿದಳು ಮೂರು ವರ್ಷದ ಪ್ರಾಪ್ತಿ.

“ನೋಡು! ಹತ್ತಿ ಇಟ್ಟರೂ ಕೇಳ್ತದೆ. ಕೇಳುವ ಕಿವಿಗೆ ಎಂತ ಆಪರೇಷನ್ ಮಾರಾಯ್ತಿ?”

ಶೀತವೆಂದು ತೋರಿಸಲು ಹೋದಾಗ ಡಾಕ್ಟರು ಕಿವಿಯೊಳಗೆ ಸಣ್ಣ ಕ್ಯಾಮರಾ ಇಳಿಸಿದ್ದರು. ಪರದೆಯ ಮೇಲೆ ಕಿವಿಯ ತಮಟೆ, ಅದಕ್ಕಂಟಿಕೊಂಡು ನುಚ್ಚಕ್ಕಿಯಷ್ಟು ಬಿಳಿ ಗಡ್ಡೆ. ಹುಟ್ಟುವಾಗಲೇ ಬಂದದ್ದು, ಬಹಳ ಅಪರೂಪ ಎಂದಿದ್ದರು. ಈಗಲೇ ತೆಗೆದರೆ ಕಿವಿ ಉಳಿಯುತ್ತದೆ, ಬೆಳೆದರೆ ಒಳಗಿನ ಎಲುಬನ್ನು ತಿನ್ನುತ್ತದೆ. ಮಂಗಳವಾರ ಆಪರೇಷನ್. ತಂದೆ ಅಥವಾ ತಾಯಿ, ಒಬ್ಬರ ಸಹಿ ಸಾಕು.

“ಹುಟ್ಟುವಾಗಲೇ ಅಂದರೆ ಗೊತ್ತಾಯ್ತಲ್ಲ?” ಅತ್ತೆ ಬಿಸ್ಕೆಟ್ ಮುರಿಯುತ್ತಾ ಬಂದರು. “ಗ್ರಹಣದ ದಿನ ಕತ್ತರಿ ಹಿಡಿಬೇಡ ಅಂತ ಹೇಳಿದ್ದೆ ನಾನು. ಬ್ಲೌಸ್ ಹೊಲಿಲಿಕ್ಕೆ ಅದೇ ದಿನ ಆಗ್ಬೇಕಿತ್ತು ನಿನಗೆ.”

ಆ ಕತ್ತರಿಯ ಮಾತು ಕುವೈತಿಗೂ ತಲುಪಿತ್ತು. ನಿನ್ನೆ ಫೋನಿನಲ್ಲಿ ಗಂಡ ದೀಪೇಶ್ ಹೇಳಿದ್ದ: “ನೋವಿಲ್ಲ ಅಲ್ವಾ? ಏಪ್ರಿಲ್‌ಗೆ ನಾನು ಬರ್ತೇನೆ, ಮತ್ತೆ ನೋಡುವ. ಅಮ್ಮನನ್ನು ಯಾಕೆ ಎದುರು ಹಾಕಿಕೊಳ್ತೀ?” ಕಳೆದ ಎರಡು ಏಪ್ರಿಲ್‌ಗಳಲ್ಲೂ ಅವನು ಬರುವವನಿದ್ದ.

ಹೊರಗೆ ಮೀನಿನ ಗಾಡಿಯ ಹಾರ್ನ್ ಕೇಳಿತು. “ತಣಿಯುವ ಮೊದಲು ಬಿಡು,” ಎನ್ನುತ್ತ ಅತ್ತೆ ಪಾತ್ರೆ ಹಿಡಿದು ಗೇಟಿನತ್ತ ಓಡಿದರು.

ಭವ್ಯಶ್ರೀ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಒಡೆದ ತನ್ನ ಹಿಮ್ಮಡಿಗಳಿಗೆ ತಿಕ್ಕಿದಳು. ಮಗಳನ್ನು ಮೀಯಿಸಿ ಒರೆಸಿದಳು.

“ಬಿಟ್ಟಿಯಾ?” ಗೇಟಿನಿಂದ ದನಿ ಬಂತು.

“ಬಿಟ್ಟೆ.”

ಅಕ್ಕಿ ಡಬ್ಬದ ಅಡಿಯಿಂದ ಆಸ್ಪತ್ರೆಯ ಒಪ್ಪಿಗೆ ಕಾಗದ ತೆಗೆದು ಸಹಿಯ ಜಾಗದಲ್ಲಿ ತನ್ನ ಹೆಸರು ಬರೆದಳು. ಮಡಚಿ, ಮಗಳ ನರ್ಸರಿ ಚೀಲದ ತಳದಲ್ಲಿ ಒಂದು ಜೊತೆ ಬಟ್ಟೆಯ ಕೆಳಗಿಟ್ಟಳು. ಆಪರೇಷನ್ ದಿನ ಮಗು ಏನೂ ತಿನ್ನಬಾರದು. ಮಂಗಳವಾರ ಬೆಳಿಗ್ಗೆ ನರ್ಸರಿಗೆ ಹೊರಟವರಂತೆ, ಅತ್ತೆಯ ಕಣ್ಣೆದುರೇ ಟಿಫಿನ್ ಡಬ್ಬಿಯನ್ನೂ ಚೀಲಕ್ಕೆ ಹಾಕಬೇಕು, ಖಾಲಿ ಡಬ್ಬಿ, ಮುಚ್ಚಳ ಬಿಗಿಯಾಗಿ ಹಾಕಿ.